ನಲವತ್ತೊಂದನೇ ತಾಕಿನ ಖಾತೆ

ಬೀಗದ ಕೈಯ ಜೊತೆ ಸಂಘದವರು ಕೊಟ್ಟದ್ದು
ಒಂದು ಕುಂಟು ಪಂಪು, ಅರ್ಧ ಡಬ್ಬಿ ಸುಣ್ಣ,
ಗುಡಿಸಲ ಮೊಳೆಗೆ ನೇತುಬಿದ್ದ ಈ ಪುಸ್ತಕ.
ವೂಚ್ ಪಟ್ಟಣದ ನೂಲಿನ ಗಿರಣಿಯದು; ಗಿರಣಿ ಮುಚ್ಚಿ
ಮೂವತ್ತು ವರ್ಷ. ರಟ್ಟಿಗಿನ್ನೂ ಯಂತ್ರದೆಣ್ಣೆಯ ವಾಸನೆ.

ಒಳಗೆ ಮೂರು ಕಾಲಮ್ಮು: ಜಮಾ, ಖರ್ಚು, ಬಾಕಿ.
ಉಗ್ರಾಣದ ಗುಮಾಸ್ತ ಕ್ಸಾವೆರಿ
ಪೆನ್ಸಿಲ್ಲು ನಾಲಗೆಗೆ ತಾಗಿಸಿ ಬರೆಯುತ್ತಿದ್ದನೇನೋ,
ಸಾಲಿನ ಶುರು ಕಪ್ಪು, ಕೊನೆ ಬೂದಿ.
ಮಳೆ ಎಂಟು ಮಿಲಿಮೀಟರು: ಜಮಾ.
ಬಸವನಹುಳು ಮೇದ ಲೆಟ್ಯೂಸ್ ಆರು: ಖರ್ಚು.
ಬಾಕಿಯ ಕಡೆ ಹೆಚ್ಚಾಗಿ ಖಾಲಿ.

ಮೊದಲ ವರ್ಷ ನಾನು ಅವನ ಮಾತು ಕೇಳಲಿಲ್ಲ.
"ಬೇಲಿಯ ಮೂಲೆಗೆ ಬೀಟ್‌ರೂಟ್ ಬೇಡ. ಅಡಿಯಲ್ಲಿ ಇಟ್ಟಿಗೆ."
ಅದೇ ಮೂಲೆಗೆ ಹಾಕಿದೆ.
ಇಪ್ಪತ್ತೆರಡು ವರ್ಷ ಹಲ್ಲಿನ ಆಸ್ಪತ್ರೆಯ ಮೇಜಿಗೆ ಕೂತು
ಹೇಳಿದ್ದನ್ನೇ ಬರೆದುಕೊಂಡವಳು,
ಒಂದು ಮೂಲೆಯಾದರೂ ನನ್ನ ಹಠಕ್ಕಿರಲಿ.
ಆಗಸ್ಟಿನಲ್ಲಿ ಕಿತ್ತಾಗ ಬಂದದ್ದು ಇಲಿಬಾಲ.
ಅವನ ಸಾಲಿನ ಕೆಳಗೆ ನೀಲಿ ಪೆನ್ನಲ್ಲಿ:
"ಇಟ್ಟಿಗೆ ನಿಜ. ಇಂತಿ ವಿಯೆಸ್ವಾವಾ."

ಅಲ್ಲಿಂದ ಶುರು ನಮ್ಮಿಬ್ಬರ ಜಗಳ.

ಮೇ ಹದಿನೈದು, ತಣ್ಣನೆಯ ಝೋಷ್ಕಾ.
ಆ ಸಂತಳ ದಿನ ದಾಟದೆ ಚಳಿ ಊರು ಬಿಡದು,
ಟೊಮೆಟೊ ಹೊರಗಿಡಬೇಡ ಅಂತ ಊರಿಗೇ ಗೊತ್ತು.
ಅವನೂ ಬರೆದಿದ್ದಾನೆ, ಕೆಳಗೆ ಎರಡು ಗೆರೆ ಎಳೆದು.
ನಾನು ಹನ್ನೊಂದಕ್ಕೇ ಇಟ್ಟೆ. ಹದಿಮೂರರ ಇರುಳು
ಹಳೆಯ ಪರದೆ, ಮೇಜುಬಟ್ಟೆ, ನನ್ನ ಕೋಟು
ಎಲ್ಲ ಹೊದಿಸಿ, ಟಾರ್ಚು ಹಿಡಿದು ಕೂತೆ.
ಬೆಳಗಿಗೆ ಹದಿನೇಳರಲ್ಲಿ ಹದಿನಾಲ್ಕು ಜೀವಂತ.
"ಖರ್ಚು ಮೂರು. ನಿದ್ದೆ ಲೆಕ್ಕಕ್ಕಿಲ್ಲ."

ಚೆಲುವ ಯಾಶ್ ಅಂತೊಂದು ಬೀನ್ಸು ನಮ್ಮಲ್ಲಿ,
ಬಿಳಿ ಕಾಳು, ಮಗುವಿನ ಹೆಬ್ಬೆರಳ ಗಾತ್ರ.
ಕಂಬ ಮುಗಿದರೂ ಏರುವ ಆಸೆ ಮುಗಿಯದೆ
ಗಾಳಿಯನ್ನು ತಡಕುತ್ತಿರುತ್ತದೆ.
"ಜೂನ್ ಐದು. ನನಗಿಂತ ಒಂದು ಟೋಪಿ ಎತ್ತರ."
ಕಂಬ ಅದೇ ಇದೆ, ಚಾಕುವಿನ ಗೀರೂ.
ಟೋಪಿ ಕಳೆದು ನಿಂತು ನೋಡಿದೆ:
ನನ್ನಷ್ಟೇ ಕುಳ್ಳ.

ಆದರೆ ಜುಲೈ ಹತ್ತೊಂಬತ್ತು, ಇಸವಿ ಅಳಿಸಿದೆ:
"ಇವತ್ತು ಮನೆಗೆ ಹೋಗಲಿಲ್ಲ. ಸೌತೆಕಾಯಿ ಹದಿನಾಲ್ಕು."
ಜಮಾದಲ್ಲೂ ಅಲ್ಲ, ಖರ್ಚಿನಲ್ಲೂ ಅಲ್ಲ,
ಗೆರೆಗಳನ್ನೆಲ್ಲ ದಾಟಿ ಅಡ್ಡಕ್ಕೆ ಹರಿದಿದೆ.
ಮರುದಿನ: "ಸಬ್ಬಸಿಗೆ ಹೂ ಬಿಟ್ಟಿತು. ಉಪ್ಪು ತರಬೇಕು."

ಪಕ್ಕದ ತಾಕಿನ ಗೆನೊವೆಫಾಳನ್ನು ಕೇಳಿದೆ.
ಹೆಂಡತಿ ಇದ್ದಳೆ? ಕಾಯಿಲೆಯೆ? ಏನಾಗಿತ್ತು?
ಅವಳು ಮೂಲಂಗಿಯ ಮಣ್ಣು ಕೊಡವುತ್ತ ಅಂದಳು,
"ಒಳ್ಳೆಯ ಮನುಷ್ಯ. ಗೊಬ್ಬರ ಮಾತ್ರ ಕಡ ಕೊಡುತ್ತಿರಲಿಲ್ಲ."

ಮೂರನೇ ಬೇಸಗೆ. ಸೆಕೆ.
ಕೊನೆಯ ಟ್ರಾಮು ಹತ್ತೂ ಇಪ್ಪತ್ತಕ್ಕೆ.
ಭರಣಿಗೆ ಸೌತೆ ಇಳಿಸಿ, ಬೆಳ್ಳುಳ್ಳಿ ಜಜ್ಜಿ,
ಚೆರ್ರಿಯ ಎಲೆ ಒಂದೆರಡು ಹಾಸಿ
ಉಪ್ಪುನೀರು ಹೊಯ್ಯುವಾಗ ಗಂಟೆ ಕೇಳಿತು.
ಕೇಳಿಯೂ ಏಳಲಿಲ್ಲ.
ಮುಳ್ಳಿಲಿಯೊಂದು ತಿಪ್ಪೆಯಿಂದಿಳಿದು ಬಂದು
ನನ್ನ ಚಪ್ಪಲಿ ಮೂಸಿ, ತನ್ನ ಕೆಲಸಕ್ಕೆ ಹೋಯಿತು.
ಮನೆಯಲ್ಲಿ ಯಾರೂ ಮುನಿದಿರಲಿಲ್ಲ. ಯಾರೂ ಸತ್ತಿರಲಿಲ್ಲ.
ಗಂಡ ಫೋನು ಮಾಡಿ ಯಾಕೆ ಅಂದ.
ಉಪ್ಪುನೀರು ಇನ್ನೂ ಬಿಸಿ ಇದೆ, ಅಂದೆ.

ಬರೆದೆ, ಅಡ್ಡಕ್ಕೆ:
"ಇವತ್ತು ಮನೆಗೆ ಹೋಗಲಿಲ್ಲ. ಸೌತೆಕಾಯಿ ಒಂಬತ್ತು."
ಕಾರಣಕ್ಕೆ ಜಾಗ ಇತ್ತು. ಬರೆಯಲಿಲ್ಲ.

ಅಕ್ಟೋಬರ್ ಇಪ್ಪತ್ತೆಂಟು. ಪುಟ ಇನ್ನು ಹನ್ನೊಂದಿವೆ.
ಚಳಿಗೆ ಪೆನ್ನು ಮೂಡದು. ಬೀಜದ ಡಬ್ಬಿಯ ತಳದಲ್ಲಿ
ಅವನ ಗಿಡ್ಡ ಪೆನ್ಸಿಲ್ಲು ಸಿಕ್ಕಿತು.
ನಾಲಗೆಗೆ ತಾಗಿಸಿದೆ. ಕಹಿ.
"ಬೆಳ್ಳುಳ್ಳಿ ಅರವತ್ತು ಎಸಳು ಊರಿದೆ.
ಮೇಲೆ ಒಣಹುಲ್ಲು."